ಕೌದಿಗೊಂದು ಗಳಿಗೆ, ಪ್ರಾರ್ಥನೆಗೊಂದು ಗಳಿಗೆ

ರಾಜಧಾನಿಯಲ್ಲಿ ನೆಲೆಸಿರುವ ನಮ್ಮ ಕನ್ನಡ ಬಂಧುಗಳು ಪರಸ್ಪರ ಭೇಟಿಯಾದಾಗ, ಕುಶಲಪ್ರಶ್ನೆಯ ತರುವಾಯ ಕೇಳಿಬರುವ ಮೊದಲ ಮಾತು "ಸಮಯವೇ ಸಾಲದು" ಎಂಬುದು. ದ್ವಾರಕೆಯಲ್ಲಿ ಮನೆ, ಗುರುಗ್ರಾಮದಲ್ಲಿ ಕಚೇರಿ. ನೋಯ್ಡಾದಲ್ಲಿ ಮನೆ, ಕೇಂದ್ರ ಸಚಿವಾಲಯದಲ್ಲಿ ಕೆಲಸ. 2002ರಲ್ಲಿ ಮೆಟ್ರೋ ರೈಲು ಬಂದಾಗ ಪ್ರಯಾಣದ ಹೊತ್ತು ಉಳಿಯುವುದೆಂದು ಹಿಗ್ಗಿದೆವು. ಆದರೆ ಉಳಿದ ಹೊತ್ತನ್ನು ಇನ್ನೂ ದೂರದ ಬಡಾವಣೆಗಳಲ್ಲಿ ಮನೆ ಮಾಡಿ ಕಳೆದುಕೊಂಡೆವು. ಈ ಧಾವಂತದಲ್ಲಿ ಎಲ್ಲಕ್ಕಿಂತ ಮೊದಲು ಕೈಬಿಟ್ಟುಹೋಗುವವು ಎರಡು: ಕೈಯಾರೆ ಮಾಡುವ ಒಂದು ಕುಶಲ ಕೆಲಸ, ಮನಸಾರೆ ಮಾಡುವ ಪ್ರಾರ್ಥನೆ. ಇವುಗಳ ಬಗ್ಗೆ ಯಾವ ಮೇಲಧಿಕಾರಿಯೂ ಲೆಕ್ಕ ಕೇಳುವುದಿಲ್ಲ. ತಪ್ಪಿದರೆ ಮನೆಯಲ್ಲಿ ಯಾರೂ ಉಪವಾಸ ಬೀಳುವುದಿಲ್ಲ. ಆದುದರಿಂದಲೇ ಅವು ಸದ್ದಿಲ್ಲದೆ ಮರೆಯಾಗುತ್ತವೆ.

ಈ ವಿಷಯವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಕೊಡುವ ಸಲಹೆ ಒಂದೇ: "ಬೆಳಿಗ್ಗೆ ಅರ್ಧ ಗಂಟೆ ಮುಂಚಿತವಾಗಿ ಏಳಿರಿ." ಈ ಸಲಹೆಯನ್ನು ನಾನು ಹದಿನೈದು ವರ್ಷ ನಿಷ್ಠೆಯಿಂದ ಪಾಲಿಸಿದವಳು. ಅದು ತಪ್ಪು ಸಲಹೆಯೆಂದು ಹೇಳುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ನಾನು ಧಾರವಾಡ ಸೀಮೆಯವಳು. ನಮ್ಮ ಕಡೆ ಕೌದಿಯಿಲ್ಲದ ಮನೆಯಿರಲಿಲ್ಲ. ದಕ್ಷಿಣದ ಜಿಲ್ಲೆಗಳ ಕೆಲವು ವಾಚಕರಿಗೆ ಇದರ ಪರಿಚಯ ಇಲ್ಲದಿರಬಹುದಾದ್ದರಿಂದ ಎರಡು ಮಾತು ಹೇಳುತ್ತೇನೆ. ಉಟ್ಟು ಸವೆದ ಪತ್ತಲ, ಧೋತರ, ಮಕ್ಕಳ ಅಂಗಿ ಮುಂತಾದ ಹತ್ತಿಯ ಅರಿವೆಗಳನ್ನು ಒಗೆದು, ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಆರಂಭಿಸಿ ಸಾಲುಸಾಲಾಗಿ ಹೊಲಿಗೆ ಹಾಕುತ್ತ ನಡುವಿಗೆ ಬರುವುದು ಇದರ ಕ್ರಮ. ದೆಹಲಿಯ ರಜಾಯಿಯಂತೆ ಇದಕ್ಕೆ ಹತ್ತಿ ತುಂಬುವುದಿಲ್ಲ. ಹಳೆಯ ಬಟ್ಟೆಯ ಮೆದುವೇ ಇದರ ಬೆಚ್ಚಗೆ. ಒಗೆದು ಬಿಸಿಲಿಗೆ ಹಾಕಲು ಸುಲಭ. ಹಸುಗೂಸಿಗೂ ಹಿತ, ಮುದುಕರಿಗೂ ಹಿತ.

ನಮ್ಮ ಅವ್ವ ಮಧ್ಯಾಹ್ನ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಕೌದಿ ಹೊಲಿಯುತ್ತಿದ್ದಳು. ಸೂಜಿ ಒಳಹೋಗುವಾಗ ಒಂದು ದೇವರ ನಾಮ, ಹೊರಬರುವಾಗ ಒಂದು ನಾಮ. ಆಕೆಗೆ ಜಪಮಾಲೆ ಬೇಕಾಗಿರಲಿಲ್ಲ, ದಾರವೇ ಮಾಲೆಯಾಗಿತ್ತು. ಆ ಒಂದು ಗಂಟೆ ನಾವು ಮಕ್ಕಳು ಆಕೆಯ ಬಳಿ ಸುಳಿಯುವಂತಿರಲಿಲ್ಲ. "ಅವ್ವ ಹೊಲಿಗಿಗೆ ಕುಂತಾಳ, ಹೊರಗ ಆಡ್ರಿ" ಎಂದು ಅಜ್ಜಿ ನಮ್ಮನ್ನು ಅಂಗಳಕ್ಕೆ ಅಟ್ಟುತ್ತಿದ್ದಳು. ಬಾಗಿಲಿಗೆ ಯಾರೇ ಬಂದರೂ ಚಿಗವ್ವ ಎದ್ದು ಹೋಗುತ್ತಿದ್ದಳು. ಆ ದೊಡ್ಡ ಮನೆಯಲ್ಲಿ ಅವ್ವನಿಗೆ ಕಷ್ಟಗಳಿರಲಿಲ್ಲವೆಂದು ನಾನು ಹೇಳಲಾರೆ. ದುಡಿದು ದಣಿದ ಜೀವವದು. ಆದರೆ ಆಕೆಯ ಆ ಒಂದು ಗಂಟೆಯನ್ನು ಮನೆಯವರು ಕಾಯುತ್ತಿದ್ದರು ಎಂಬುದು ಮಾತ್ರ ನಿಜ. ಇದು ನನಗೆ ಅರ್ಥವಾದದ್ದು ಬಹಳ ವರ್ಷಗಳ ಮೇಲೆ.

ಮದುವೆಯಾಗಿ 1981ರಲ್ಲಿ ರಾಮಕೃಷ್ಣಪುರಂನ ಸರ್ಕಾರಿ ವಸತಿಗೃಹಕ್ಕೆ ಬಂದೆ. ನನಗೂ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ನೌಕರಿ ದೊರೆಯಿತು. ಅವ್ವ ತೀರಿಕೊಂಡ ವರ್ಷ ಆಕೆಯ ಹನ್ನೊಂದು ಪತ್ತಲಗಳನ್ನು ಟ್ರಂಕಿನಲ್ಲಿ ತಂದು, ಅವುಗಳಿಂದ ಒಂದು ಕೌದಿ ಹೊಲಿಯುವೆನೆಂದು ಸಂಕಲ್ಪ ಮಾಡಿದೆ. ಪೂಜೆಗಾಗಿ ಬೆಳಗಿನ ನಾಲ್ಕೂವರೆಗೆ ಏಳುವುದು, ಕೌದಿಗಾಗಿ ರಾತ್ರಿ ಹನ್ನೊಂದರವರೆಗೆ ಕೂರುವುದು ಎಂದು ಕಟ್ಟುಪಾಡು ಹಾಕಿಕೊಂಡೆ. ಫಲವೇನಾಯಿತು? ದೀಪ ಹಚ್ಚುವಾಗ ಕಿವಿಯೆಲ್ಲ ಕುಕ್ಕರಿನ ಸೀಟಿಯ ಕಡೆಗೆ; ಸೂಜಿ ಹಿಡಿದರೆ ಕಣ್ಣೆಲ್ಲ ನಿದ್ದೆಯ ಕಡೆಗೆ. ಒಂದು ರಾತ್ರಿ ಸೂಜಿ ಹಿಡಿದಂತೆಯೇ ನಿದ್ದೆ ಹೋದೆ. ನಲವತ್ತೈದನೆಯ ವಯಸ್ಸಿಗೆ ರಕ್ತದೊತ್ತಡ ಕಾಣಿಸಿಕೊಂಡಿತು. ವೈದ್ಯರು ಮಾತ್ರೆ ಬರೆದುಕೊಟ್ಟು, "ದಿನಕ್ಕೆ ಎಷ್ಟು ಗಂಟೆ ಮಲಗುತ್ತೀರಿ?" ಎಂದು ಕೇಳಿದರು. ಐದು ಗಂಟೆ ಎಂದೆ. "ಪ್ರಾರ್ಥನೆ ಒಳ್ಳೆಯದೇ, ತಾಯಿ, ಆದರೆ ಅದನ್ನು ನಿದ್ದೆಯಿಂದ ಕದಿಯಬೇಡಿ" ಎಂದರು.

ಆ ಮಾತನ್ನು ಪಕ್ಕದಲ್ಲಿದ್ದ ನಮ್ಮ ಯಜಮಾನರೂ ಕೇಳಿಸಿಕೊಂಡರು. ಬಸ್ಸಿನಲ್ಲಿ ಮನೆಗೆ ಬರುವಾಗ ಅವರು ಏನೂ ಆಡಲಿಲ್ಲ. ಆ ರಾತ್ರಿ ಊಟವಾದ ಮೇಲೆ ತಾವೇ ಎದ್ದು ಪಾತ್ರೆ ತೊಳೆಯಲು ನಿಂತರು. ವಾರ ಕಳೆಯುವುದರೊಳಗೆ ಮರುದಿನದ ತರಕಾರಿ ಹೆಚ್ಚುವುದು ಮಗನ ಪಾಲಿಗೆ ಬಂತು. ಎಂಟೂವರೆಯಿಂದ ಒಂಬತ್ತೂಕಾಲಿನವರೆಗೆ ನಾನು ಯಾರಿಗೂ ಸಿಕ್ಕುವವಳಲ್ಲವೆಂದು ಮನೆಯಲ್ಲಿ ನಿಶ್ಚಯವಾಯಿತು. ದೂರವಾಣಿ ಬಂದರೆ ಅವರೇ ಎತ್ತುತ್ತಿದ್ದರು. ಮೊದಲಲ್ಲಿ ಪ್ರಾರ್ಥನೆ, ಅನಂತರ ಹೊಲಿಗೆ. ಕ್ರಮೇಣ ಎರಡೂ ಒಂದಾದವು. ಅವ್ವನ ಕೌದಿ ಮುಗಿಯಲು ಮೂರು ಚಳಿಗಾಲಗಳು ಹಿಡಿದವು. ಬೆಳಗಿನ ಏಳುವಿಕೆ ಆರಕ್ಕೆ ಸರಿಯಿತು.

ನಾನು ಕಂಡುಕೊಂಡ ಸತ್ಯ ಇಷ್ಟೇ: ಬಿಡುವಿಲ್ಲದ ಸಂಸಾರದಲ್ಲಿ ಒಬ್ಬರಿಗೆ ಬಿಡುವು ಸಿಗಬೇಕಾದರೆ ಇನ್ನೊಬ್ಬರು ಅದನ್ನು ಕೊಡಬೇಕು. ಇದು ನನ್ನೊಬ್ಬಳ ಮನೆಯ ಮಾತಲ್ಲ. ಭಾರತ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದಕ್ಕೆ ಸವೆಸುತ್ತಾರೆ. ಅದೇ ಕೆಲಸದಲ್ಲಿ ತೊಡಗುವ ಗಂಡಸರು 88 ನಿಮಿಷಗಳನ್ನು. ನಡುವಣ ಅಂತರ ಮೂರು ಗಂಟೆಗೂ ಮಿಕ್ಕಿದ್ದು. ಇಂಥ ಗೃಹಿಣಿಗೆ "ಬೇಗ ಏಳು" ಎಂದು ಉಪದೇಶಿಸುವುದು, ಬರಿದಾದ ಕಣಜದಿಂದ ಭಿಕ್ಷೆ ಹಾಕೆಂದು ಕೇಳಿದಂತೆ.

ಇದೇ ದೆಹಲಿಯಲ್ಲಿ, ಇಂದು ಗಾಂಧಿ ಸ್ಮೃತಿ ಎನಿಸಿಕೊಂಡಿರುವ ಬಿರ್ಲಾ ಭವನದಲ್ಲಿ, ಮಹಾತ್ಮರು ತಮ್ಮ ಕೊನೆಯ 144 ದಿನಗಳನ್ನು ಕಳೆದರು. ದೇಶ ಹೊತ್ತಿ ಉರಿಯುತ್ತಿದ್ದ ಕಾಲ. ಅವರಿಗಿಂತ ಹೆಚ್ಚು ಕಾರ್ಯಭಾರ ಹೊತ್ತವರು ಯಾರಿದ್ದರು? ಆದರೂ ಚರಕ ನಿಲ್ಲಲಿಲ್ಲ, ಸಂಜೆ ಐದರ ಪ್ರಾರ್ಥನೆ ತಪ್ಪಲಿಲ್ಲ. ನೂಲುವುದನ್ನು ಅವರು ಯಜ್ಞವೆಂದೇ ಭಾವಿಸಿದ್ದರು. 1948ರ ಜನವರಿ 30ರಂದು ಸರ್ದಾರ್ ಪಟೇಲರೊಡನೆ ಮಾತುಕತೆ ಬೆಳೆದು ಪ್ರಾರ್ಥನೆಗೆ ಹೊತ್ತು ಮೀರಿದಾಗ, ಜೊತೆಯಲ್ಲಿದ್ದ ಆಭಾ ಗಡಿಯಾರವನ್ನು ಎತ್ತಿ ತೋರಿಸಿದಳೆಂದು ಓದಿದ್ದೇವೆ. ಮಹಾತ್ಮರ ನಿಯಮನಿಷ್ಠೆಯನ್ನು ನಾವೆಲ್ಲ ಕೊಂಡಾಡುತ್ತೇವೆ. ಗಡಿಯಾರ ತೋರಿಸಿದ ಆ ಕೈಯನ್ನು ನೆನೆಯುವವರು ವಿರಳ. ನಮ್ಮ ಮನೆಗಳ ತಾಯಂದಿರಿಗೆ "ಇದು ನಿಮ್ಮ ಹೊತ್ತು, ಏಳಿ" ಎಂದು ಗಡಿಯಾರ ತೋರಿಸುವವರು ಯಾರು?

ಇನ್ನು ಕೆಲವರು ಹಿರಿಯರು ಆಕ್ಷೇಪಿಸಬಹುದು: ಕೈಯಲ್ಲಿ ಕೆಲಸವಿಟ್ಟುಕೊಂಡು ಮಾಡುವ ಪ್ರಾರ್ಥನೆ ಪ್ರಾರ್ಥನೆಯೇ? ಚಿತ್ತ ಏಕಾಗ್ರವಾಗುವುದೆಂತು? ಅವರಿಗೆ ನಮ್ಮ ನಾಡಿನ ಹನ್ನೆರಡನೆಯ ಶತಮಾನವನ್ನು ನೆನಪಿಸಬಯಸುತ್ತೇನೆ. ಕದಿರ ರೆಮ್ಮವ್ವೆ ನೂಲು ತೆಗೆಯುತ್ತಲೇ ವಚನಕಾರ್ತಿಯಾದಳು. ಸೂಜಿಕಾಯಕದ ರಾಮಿತಂದೆಯ ಹೆಸರಿನಲ್ಲಿಯೇ ಸೂಜಿಯಿದೆ. ಹೊಲಿಗೆ ಹೆಂಗಸರ ಕೆಲಸವೆಂದು ದೂರ ಸರಿಯುವ ಮಹನೀಯರು ಈ ಎರಡನೆಯ ಹೆಸರನ್ನು ವಿಶೇಷವಾಗಿ ಗಮನಿಸಬೇಕು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನರಿದ್ದಾರೆ. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಉಂಟು. ಪ್ರಾರ್ಥನೆ ಬೇರೆಬೇರೆಯಾದರೂ, 'ಕವಂದಿ' ಎಂದು ಅವರು ಕರೆಯುವ ಕೌದಿಯ ಹೊಲಿಗೆ ಮೂರು ಮತದವರದೂ ಒಂದೇ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಹೂವಿನಂತೆ ಹೊಲಿಯದೆ ಅವರು ಕೆಲಸ ಮುಗಿಸುವುದಿಲ್ಲ. ಯಾರೂ ನೋಡದ ಮೂಲೆಗೂ ಹೂವಿಡುವ ಆ ಶ್ರದ್ಧೆ ಪ್ರಾರ್ಥನೆಯಲ್ಲದೆ ಮತ್ತೇನು?

ಈ ಸಂಚಿಕೆಯಲ್ಲಿ ಆರೋಗ್ಯದ ಲೇಖನಗಳೂ ಇರುವುದರಿಂದ ವೈದ್ಯಕೀಯದ ಒಂದು ಮಾತು ಅಪ್ರಸ್ತುತವಾಗಲಾರದು. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇಟಲಿಯ ವೈದ್ಯರು 23 ಮಂದಿ ಆರೋಗ್ಯವಂತರನ್ನು ಪರೀಕ್ಷಿಸಿದರು. ಲ್ಯಾಟಿನ್ ಭಾಷೆಯ ಜಪಸರದ ಪ್ರಾರ್ಥನೆಯನ್ನು ಪಠಿಸಿದಾಗಲೂ, 'ಓಂ ಮಣಿ ಪದ್ಮೇ ಹುಂ' ಎಂಬ ಮಂತ್ರವನ್ನು ಪಠಿಸಿದಾಗಲೂ ಅವರ ಉಸಿರಾಟ ನಿಮಿಷಕ್ಕೆ ಸುಮಾರು ಆರರ ಲಯಕ್ಕೆ ಇಳಿಯಿತು. ಹೃದಯದ ಮತ್ತು ರಕ್ತಪರಿಚಲನೆಯ ಲಯಗಳು ಅದರೊಡನೆ ಹೊಂದಿಕೊಂಡವು. ಚಿಕ್ಕ ಅಧ್ಯಯನವಿದು; ಇದನ್ನೇ ನಂಬಿ ಯಾರೂ ಮಾತ್ರೆ ನಿಲ್ಲಿಸಬಾರದು. ನಾನೂ ನಿಲ್ಲಿಸಿಲ್ಲ. ಆದರೆ ಒಂದೇ ಮಾತನ್ನು ನಿಧಾನವಾಗಿ ಮತ್ತೆ ಮತ್ತೆ ನುಡಿದರೆ ಉಸಿರು ತಗ್ಗುತ್ತದೆಂಬುದನ್ನು ಅವ್ವ ಪಡಸಾಲೆಯಲ್ಲಿಯೇ ತಿಳಿದಿದ್ದಳು.

ಹೊಲಿಗೆಗೆ ಕೂರುವವರು ಕೆಲವು ಎಚ್ಚರಗಳನ್ನು ವಹಿಸತಕ್ಕದ್ದು. ನಲವತ್ತು ದಾಟಿದವರು ಚಾಳೀಸಿನ ಕನ್ನಡಕವಿಲ್ಲದೆ ಸೂಜಿ ಹಿಡಿಯಬಾರದು. ಬೆಳಕು ಹಿಂದಿನಿಂದ, ಹೆಗಲ ಮೇಲಿಂದ ಬರಲಿ. ಇಪ್ಪತ್ತು ನಿಮಿಷಗಳಿಗೊಮ್ಮೆ ಕತ್ತೆತ್ತಿ ದೂರ ನೋಡಬೇಕು, ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಮಂಡಿನೋವಿರುವವರು ಕುರ್ಚಿಯಲ್ಲಿ ಕುಳಿತರೆ ದೇವರು ಮುನಿಯುವುದಿಲ್ಲ. ಹಳೆಯ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು, ಚೆನ್ನಾಗಿ ಬಿಸಿಲಿಗೆ ಒಣಗಿಸಿದ ಮೇಲೆಯೇ ಹೊಲಿಗೆಗೆ ತೆಗೆದುಕೊಳ್ಳಬೇಕು.

"ಇಷ್ಟೆಲ್ಲ ಏಕೆ? ದಿಲ್ಲಿ ಹಾಟ್‌ನಲ್ಲಿ ಚೆಂದದ ಹೊದಿಕೆಗಳು ಸಿಗುವುದಿಲ್ಲವೇ?" ಎನ್ನುವ ಯುವಜನರೂ ಇದ್ದಾರೆ. ಅವಶ್ಯವಾಗಿ ಕೊಳ್ಳಲಿ, ಹೊಲಿದ ಕೈಗಳಿಗೆ ನಾಲ್ಕು ಕಾಸು ಸೇರಲಿ. ಮಂಗಳೂರಿನಲ್ಲಿ 1903ರಲ್ಲಿ ಜನಿಸಿದ ನಮ್ಮ ಕಮಲಾದೇವಿ ಚಟ್ಟೋಪಾಧ್ಯಾಯರು, 1952ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿ ಈ ದೆಹಲಿಯಲ್ಲಿ ಕುಳಿತು ದುಡಿದದ್ದು ಅಂಥ ಕೈಗಳಿಗಾಗಿಯೇ. ಆದರೆ ಅವ್ವನ ಪತ್ತಲದ ಸೆರಗು ಯಾವ ಅಂಗಡಿಯಲ್ಲಿಯೂ ಮಾರಾಟಕ್ಕಿರುವುದಿಲ್ಲ.

ಕಡೆಯದಾಗಿ ಒಂದು ವಿಜ್ಞಾಪನೆ. ನಮ್ಮ ಸಂಘದ ಆಶ್ರಯದಲ್ಲಿ, ಚಳಿಗಾಲದ ತಿಂಗಳುಗಳಲ್ಲಿ, ಎರಡು ವಾರಕ್ಕೊಮ್ಮೆ ಭಾನುವಾರ ಮಧ್ಯಾಹ್ನದ ಬಿಸಿಲಿನಲ್ಲಿ ಎರಡು ಗಂಟೆಗಳ ಕೌದಿ ಕೂಟವನ್ನು ಏಕೆ ಏರ್ಪಡಿಸಬಾರದು? ಪ್ರತಿ ಮನೆಯಿಂದ ಒಂದು ಹಳೆಯ ಸೀರೆ ಬರಲಿ. ಬಲ್ಲವರು ಕಲಿಸಲಿ; ಹಾಡಬಲ್ಲವರು ದೇವರನಾಮ, ವಚನಗಳನ್ನು ಹಾಡಲಿ. ಕನ್ನಡ ಓದಲು ಬಾರದ ನಮ್ಮ ಮೊಮ್ಮಕ್ಕಳು ಸೂಜಿ, ದಾರ, ಅಂಚು, ಸೆರಗು ಎಂಬ ಮಾತುಗಳನ್ನಾದರೂ ಅಜ್ಜಿಯರ ಬಾಯಿಂದ ಕಲಿಯಲಿ. ಆ ಎರಡು ಗಂಟೆ ಚಹಾ ಕಾಸುವ, ಮಕ್ಕಳನ್ನು ನೋಡಿಕೊಳ್ಳುವ ಹೊಣೆಯನ್ನು ಗಂಡಸರು ಹೊರಲಿ. ಸಂಘದ ಪದಾಧಿಕಾರಿಗಳು ಈ ಕೊನೆಯ ವಾಕ್ಯವನ್ನು ನಡಾವಳಿಯಲ್ಲಿ ತಪ್ಪದೆ ದಾಖಲಿಸಬೇಕೆಂದು ಕೋರುತ್ತೇನೆ.

ಕಳೆದ ಚಳಿಗಾಲದಲ್ಲಿ ಸೊಸೆ ಬಾಣಂತನ ಮುಗಿಸಿ ಕಚೇರಿಗೆ ಮರಳಿದಳು. ಸಂಜೆ ದಣಿದು ಬಂದವಳು ದೇವರ ಮುಂದೆ ಒಂದು ನಿಮಿಷ ಕಣ್ಣು ಮುಚ್ಚಿ, ಮಗು ಅತ್ತೊಡನೆ ಎದ್ದಳು. "ನೀ ಕೂಡವಾ, ಕೂಸನ್ನ ನಾ ನೋಡ್ತೀನಿ" ಎಂದೆ. ಅವ್ವನ ಕೌದಿಯಲ್ಲಿ ಮಗುವನ್ನು ಸುತ್ತಿಕೊಂಡು ಪಡಸಾಲೆಯಿಲ್ಲದ ಈ ಮನೆಯ ಬಾಲ್ಕನಿಗೆ ನಡೆದೆ. ಆಕೆ ಮತ್ತೆ ಕುಳಿತಳು.