ಕಾಲು ಹೋದದ್ದು ಬೀಡಿಯಿಂದ ಮಾತ್ರವೇ?

ಸಿರುಗುಪ್ಪ ಕಡೆಯ ನಮ್ಮ ಅಣ್ಣ ಒಬ್ಬರಿಗೆ ಕಾಲಿನ ರಕ್ತನಾಳ ಕಟ್ಟಿಕೊಂಡಿತ್ತು. ಆಪರೇಶನ್ ಆಯಿತು. ಅವರ ಕಾಲಿನದೇ ಒಂದು ನರ ತೆಗೆದು, ಕಟ್ಟಿದ ಜಾಗ ದಾಟಿಸಿ ಜೋಡಿಸಿದರು. ಕಾಲುವೆಯಲ್ಲಿ ಹೂಳು ತುಂಬಿದರೆ ಪಕ್ಕದಲ್ಲಿ ಬೇರೆ ತೋಡು ತೆಗೆಯುವುದಿಲ್ಲವೇ, ಹಾಗೆ. ಕಾಲು ಬೆಚ್ಚಗಾಯಿತು, ಮನೆಗೆ ಬಂದರು. ಹನ್ನೆರಡನೇ ದಿನ ರಾತ್ರಿ ಊಟದ ಹೊತ್ತಿಗೆ ಕಾಲು ತಣ್ಣಗಾಗಿ ಬಿಳಿಚಿಕೊಂಡಿತು. "ಜೋಮು ಹಿಡಿದೈತಿ, ಮುಂಜಾನೆ ನೋಡೋಣ ಬಿಡ್ರಿ" ಅಂದರು ಮನೆಯವರು. ಮೊದಲ ಬಸ್ಸು ಹಿಡಿದು ಬಳ್ಳಾರಿ ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ಮಂಡಿಯ ಮೇಲಕ್ಕೆ ಕಾಲು ತೆಗೆದರು.

ಆಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಬೀಡಿ ಸೇದತಿದ್ದ, ಇನ್ನೇನಾಗತೈತಿ?"

ಬೀಡಿಯ ಪರವಾಗಿ ನಾವು ವಕಾಲತ್ತು ಹಾಕುವುದಿಲ್ಲ. ಬೀಡಿ ಬಿಡದವನ ಹೊಸ ನಾಳ ಬೇಗ ಮುಚ್ಚುತ್ತದೆ, ಇದನ್ನು ಕೇರಿಯಲ್ಲಿ ಮುಖಕ್ಕೆ ಹೇಳಬೇಕು. ಸಕ್ಕರೆ ಕಾಯಿಲೆ ಸಾಹುಕಾರರದ್ದು ಅನ್ನುವುದನ್ನೂ ಬಿಡಬೇಕು. ಬಾಬಾಸಾಹೇಬರೇ ಕೊನೆಯ ವರ್ಷಗಳಲ್ಲಿ ಅದರಿಂದ, ಕಾಲುನೋವಿನಿಂದ ನರಳಿದರು. ಆದರೆ ಹೊಸ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ಸುಮಾರು 6 ಗಂಟೆಯೊಳಗೆ ತೆರೆಯಬೇಕು, ಇಲ್ಲವಾದರೆ ಮಾಂಸ ಸಾಯುತ್ತದೆ ಎಂದು ಅವರ ಹೆಂಡತಿಗೆ ಯಾರು ಹೇಳಿದ್ದರು? ತಣ್ಣಗಾದರೆ ಕೂಡಲೇ ಬನ್ನಿ ಎಂದು ಚೀಟಿಯಲ್ಲಿ ಬರೆದಿತ್ತು. ಇಂಗ್ಲಿಷಿನಲ್ಲಿ!

ಆದ್ದರಿಂದ ನಾವೇ ಹೇಳುತ್ತೇವೆ, ಓದು ಬಾರದವರಿಗೆ ಓದಿ ಹೇಳಿ. ಆಪರೇಶನ್ ಆದ ಕಾಲು ಕೆಲವು ವಾರ ಊದಿರುವುದು ಸಾಮಾನ್ಯ. ಆದರೆ ಕಾಲು ಇದ್ದಕ್ಕಿದ್ದಂತೆ ತಣ್ಣಗಾದರೆ, ಸ್ಪರ್ಶ ತಿಳಿಯದಿದ್ದರೆ, ಬೆರಳು ಆಡದಿದ್ದರೆ, ಮೀನಖಂಡ ಕಲ್ಲಿನಂತೆ ಬಿಗಿದರೆ, ಬಸ್ಸಿಗೆ ಕಾಯಬೇಡಿ, 108ಕ್ಕೆ ಫೋನು ಮಾಡಿ. ತೊಡೆಸಂದಿಯ ಗಾಯದಲ್ಲಿ ಕೀವು, ಜ್ವರ ಬಂದರೂ ತಡ ಮಾಡಬಾರದು. ನಂಜು ನಾಳದ ಹೊಲಿಗೆಗೆ ಇಳಿದರೆ ರಕ್ತ ಚಿಮ್ಮುತ್ತದೆ. ಚಿಮ್ಮಿದರೆ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದೇ ಕರೆದೊಯ್ಯಿರಿ. ಎದೆನೋವನ್ನು ಗ್ಯಾಸು ಅನ್ನಬೇಡಿ. ಕಾಲಿನ ನಾಳ ಕಟ್ಟಿದವರಿಗೆ ಹೃದಯದ ನಾಳವೂ ಕಟ್ಟಿರುವುದುಂಟು. ಕುರುಗೋಡಿನಲ್ಲಿ ಒಬ್ಬರು ನೋವು ಹೋಯಿತೆಂದು ಗುಳಿಗೆ ನಿಲ್ಲಿಸಿದರು, ಮೂರೇ ತಿಂಗಳಲ್ಲಿ ನಾಳ ಮತ್ತೆ ಕಟ್ಟಿತು. ಡಾಕ್ಟರು ಹೇಳದೆ ಗುಳಿಗೆ ಬಿಡಬಾರದು.

ಗಾಯ ಮಾಯುವವರೆಗೆ ಕೆಸರಿಗೆ ಇಳಿಯಬೇಡಿ ಅನ್ನುತ್ತಾರೆ. ಭತ್ತದ ನಾಟಿ ಬಿಟ್ಟರೆ ಒಲೆ ಹಚ್ಚುವುದು ಹೇಗೆ ಸ್ವಾಮಿ? 2018ರಿಂದ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ಯೋಜನೆ ಇದೆ. ಕೊಯ್ಯುವುದಕ್ಕೆ ಹಣ ಉಂಟು. ಕೊಯ್ದ ಕಾಲು ಮಾಯುವ ತನಕದ ಗಂಜಿಗೆ ಇಲ್ಲ. ಆ ದಿನಗಳ ಕೂಲಿಯನ್ನು ಸರಕಾರ ಕೊಡಬೇಕು. ಚೀಟಿ ಕನ್ನಡದಲ್ಲಿರಬೇಕು, ಮನೆಯವರನ್ನು ಕೂರಿಸಿಕೊಂಡು ಓದಿ ಹೇಳಬೇಕು, ಊರಿನ ಆಶಾ ಕಾರ್ಯಕರ್ತೆಗೂ ಒಂದು ಪ್ರತಿ ಹೋಗಬೇಕು.

ಮುಂದಿನ ಸಭೆಗೆ ನಿಮ್ಮ ಮನೆಯ ಚೀಟಿಗಳನ್ನು ತನ್ನಿ. ಓದಿದ ಹುಡುಗರಿದ್ದಾರೆ, ಕೂತು ಕನ್ನಡದಲ್ಲಿ ಬರೆದುಕೊಳ್ಳೋಣ.