ಹೊಸ ಪೈಥಾನ್ ಹಾಕುವ ಮೊದಲು ಹಳೆಯದನ್ನು ಅಳಿಸಲೇಬೇಕೇ?

ಸಿದ್ಧಕಟ್ಟೆಯಿಂದ ಬಸ್ಸು ಹಿಡಿದು ಕಾಲೇಜಿಗೆ ಹೋಗುವ ಮಕ್ಕಳಿಗೂ ಈಗ ಪೈಥಾನ್ ಅಪರಿಚಿತವಲ್ಲ. ವಿಟಿಯುವಿನ 2022ರ ಪಠ್ಯಕ್ರಮದಲ್ಲಿ ಇಂಜಿನಿಯರಿಂಗ್ ಮೊದಲ ವರ್ಷದಲ್ಲೇ ಅದನ್ನು ಆಯ್ದುಕೊಳ್ಳಬಹುದಿತ್ತು. ಅದರ ಜೊತೆಗೇ ಕಿವಿಗೆ ಬೀಳುವ ಸಲಹೆ: "ಒಂದೇ ಕಂಪ್ಯೂಟರಿನಲ್ಲಿ ಎರಡು ಪೈಥಾನ್ ಇರಬಾರದು, ಹಳೆಯದನ್ನು ತೆಗೆದುಹಾಕಿ." ಇದು ನಿಜವೇ?

ಅಲ್ಲ. ನಾವು ಬರೆದ ಪ್ರೋಗ್ರಾಮನ್ನು ಓದಿ ನಡೆಸುವ ತಂತ್ರಾಂಶಕ್ಕೆ ಇಂಟರ್‌ಪ್ರಿಟರ್ ಎನ್ನುತ್ತಾರೆ. ಪೈಥಾನ್ ಇಂಟರ್‌ಪ್ರಿಟರಿನ ಹಲವು ಆವೃತ್ತಿಗಳು ಬೇರೆಬೇರೆ ಫೋಲ್ಡರುಗಳಲ್ಲಿ ಒಟ್ಟಿಗೇ ಇರಬಲ್ಲವು.

ಅಳಿಸಿದರೆ ಏನಾಗುತ್ತದೆ?

ಉಬುಂಟುವಿನಂಥ ಲಿನಕ್ಸ್‌ನಲ್ಲಿ ವ್ಯವಸ್ಥೆಯ ಹಲವು ಉಪಕರಣಗಳು ಅದರೊಂದಿಗೇ ಬಂದ ಪೈಥಾನನ್ನು ನಂಬಿಕೊಂಡಿವೆ. ಅದನ್ನು ತೆಗೆದರೆ ಡೆಸ್ಕ್‌ಟಾಪೇ ಹೊರಟುಹೋಗಬಹುದು. ಹಳೆಯದೆಂದು ಪಕ್ಕಾಸು ಎಳೆದರೆ ಹಂಚು ನಿಲ್ಲುವುದೆಲ್ಲಿ?

ವಿಂಡೋಸ್‌ಗೆ ಆ ಅಪಾಯವಿಲ್ಲ. ಆದರೆ ಹಳೆಯ ಆವೃತ್ತಿಗೆ ಹಾಕಿಕೊಂಡ ಪ್ಯಾಕೇಜುಗಳು ಹೊಸದಕ್ಕೆ ತಾವಾಗಿ ಬರುವುದಿಲ್ಲ. ನಿನ್ನೆ ಓಡಿದ ಪ್ರಾಜೆಕ್ಟ್ ಪರೀಕ್ಷೆಯ ಹಿಂದಿನ ದಿನ ನಿಂತುಬಿಡಬಹುದು. ಭಾಷೆಯೂ ಬದಲಾಗುತ್ತಿರುತ್ತದೆ: 2023ರಲ್ಲಿ ಬಂದ 3.12ರಲ್ಲಿ 'ಡಿಸ್ಟ್‌ಯುಟಿಲ್ಸ್' ಎಂಬ ಹಳೆಯ ಭಾಗವನ್ನೇ ಕೈಬಿಟ್ಟರು. ಅದನ್ನು ಬಳಸುತ್ತಿದ್ದ ಪ್ಯಾಕೇಜುಗಳು ಹೊಸ ಆವೃತ್ತಿಯಲ್ಲಿ ಮುಗ್ಗರಿಸಿದವು.

ಇನ್ನೊಂದು ಗೊಂದಲ

3.9 ದೊಡ್ಡದೋ 3.10 ದೊಡ್ಡದೋ? ಗಣಿತದ ದಶಮಾಂಶದಂತೆ ಓದಿದರೆ ಮೊದಲನೆಯದು. ಇಲ್ಲಿ ಹಾಗಲ್ಲ, ಒಂಬತ್ತರ ನಂತರ ಹತ್ತು. 3.9 ಬಂದದ್ದು 2020ರಲ್ಲಿ, 3.10 ಬಂದದ್ದು 2021ರಲ್ಲಿ. ಹೊಸದನ್ನೇ ಹಳೆಯದೆಂದು ಅಳಿಸಿಬಿಟ್ಟೀರಿ!

ಸಲಹೆಯಲ್ಲಿ ಸ್ವಲ್ಪವೂ ನಿಜವಿಲ್ಲವೇ?

ಸ್ವಲ್ಪ ಇದೆ. ಪ್ರತಿ ಆವೃತ್ತಿಗೂ ಸುಮಾರು ಐದು ವರ್ಷ ಮಾತ್ರ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಪೈಥಾನ್ 2ಕ್ಕೆ ಬೆಂಬಲ 2020ರ ಜನವರಿ 1ಕ್ಕೇ ನಿಂತಿತು. ಹಾಗಾಗಿ ನೀವೇ ಹಾಕಿಕೊಂಡ ಹಳೆಯ ಆವೃತ್ತಿ ಯಾವ ಕೆಲಸಕ್ಕೂ ಬೇಡವೆಂದು ಖಚಿತವಾದ ಮೇಲೆ ತೆಗೆಯಬಹುದು.

ಹಾಗಾದರೆ ಏನು ಮಾಡಬೇಕು?

• ಲಿನಕ್ಸ್‌ ಜೊತೆ ಬಂದ ಪೈಥಾನನ್ನು ಮುಟ್ಟಬೇಡಿ. ಬೇರೆ ಆವೃತ್ತಿ ಬೇಕಾದರೆ 'ಪೈಎನ್ವ್' ಬಳಸಿ ಪ್ರತ್ಯೇಕವಾಗಿ ಹಾಕಿಕೊಳ್ಳಿ.
• ವಿಂಡೋಸ್‌ನಲ್ಲಿ ಯಾವ ಆವೃತ್ತಿ ಓಡಬೇಕೆಂದು 'ಪೈ' ಲಾಂಚರಿಗೆ ಹೇಳಬಹುದು.
• ಪ್ರತಿ ಪ್ರಾಜೆಕ್ಟಿಗೂ 'ವೆನ್ವ್' ಮೂಲಕ ಅದರದೇ ಜಾಗ ಮಾಡಿಕೊಡಿ. ಒಂದರ ಪ್ಯಾಕೇಜು ಇನ್ನೊಂದಕ್ಕೆ ತಾಗುವುದಿಲ್ಲ. ಇದು 3.3ರಿಂದ ಪೈಥಾನ್ ಜೊತೆಗೇ ಬರುತ್ತಿದೆ, ಖರ್ಚೂ ಇಲ್ಲ.

"ಅಳಿಸಿ" ಎನ್ನುವ ಸಂದೇಶ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ನಂಬಿಕೊಂಡು ಇನ್ನೇನೆಲ್ಲ ನಡೆಯುತ್ತಿದೆ? ಉತ್ತರ ಸಿಗುವವರೆಗೆ ಅಳಿಸಲೂ ಬೇಡಿ, ಫಾರ್ವರ್ಡ್ ಮಾಡಲೂ ಬೇಡಿ.