ಹಳ್ಳ ಬಲ್ಲವರ ಮಾತು ಕೇಳಿ

ಉತ್ತರಕ್ಕೆ ಘಟಪ್ರಭೆ, ದಕ್ಷಿಣಕ್ಕೆ ಮಲಪ್ರಭೆ. ಎರಡು ಹೊಳೆಗಳ ನಡುವೆ ಇದ್ದೂ ಶಿರೂರು ಸೀಮೆಯ ಎಷ್ಟೋ ಹೊಲ ನಂಬಿರುವುದು ಮುಗಿಲನ್ನೇ. ಬಿದ್ದ ಮಳೆಯನ್ನು ಬಿದ್ದಲ್ಲೇ ಹಿಡಿಯುವ ವಿದ್ಯೆಯನ್ನು ಇಲ್ಲಿಯ ರೈತರಿಗೆ ಯಾವ ಇಲಾಖೆಯೂ ಕಲಿಸಲಿಲ್ಲ. ಇಳಿಜಾರಿಗೆ ಒಡ್ಡು, ಒಡ್ಡು ಒಡೆಯದಂತೆ ಕಲ್ಲಿನ ಕೋಡಿ, ಹೆಚ್ಚಾದ ನೀರು ಕೆಳಗಿನವರ ಹೊಲಕ್ಕೆ, ಅಲ್ಲಿಂದ ಹಳ್ಳಕ್ಕೆ. ಹುನಗುಂದದ ನಾಗರಾಳ ಮನೆತನ ಒಣಬೇಸಾಯದಲ್ಲಿ ಹೆಸರಾದದ್ದು ಈ ವಿದ್ಯೆಯಿಂದಲೇ.

ನಿಮಗೆ ಗೊತ್ತಿದೆ. ದೊಡ್ಡ ಮಳೆಯ ರಾತ್ರಿ ಅಜ್ಜ ಗೋಣಿಚೀಲದ ಕೊಪ್ಪೆ ಹೊದ್ದು, ಸಲಿಕೆ ಹಿಡಿದು, ಒಡ್ಡಿನಲ್ಲಿ ಇಲಿಬಿಲ ಬಿದ್ದಿದೆಯೇ ಎಂದು ಕಾಲಿನಿಂದಲೇ ತಡವಿ ನೋಡುತ್ತಿದ್ದುದು ನಿಮಗೆ ಗೊತ್ತಿದೆ. ಹಳ್ಳದ ಉಸುಕಿನಲ್ಲಿ ಮೊಣಕೈಯುದ್ದ ತೋಡಿದರೆ ವರತಿ ಜಿನುಗಿ, ಅವ್ವ ತಿಳಿಯಾಗುವ ತನಕ ಕಾದು ಪರಟೆಯಿಂದ ಕೊಡ ತುಂಬುತ್ತಿದ್ದುದು ನಿಮಗೆ ಗೊತ್ತಿದೆ. ಆ ಉಸುಕು ರಾತ್ರೋರಾತ್ರಿ ಟ್ರ್ಯಾಕ್ಟರ್ ಏರಿ ಹೋಗುತ್ತಿರುವುದೂ ಗೊತ್ತಿದೆ. ಸದ್ದು ಕೇಳಿದರೂ ಮಗ್ಗುಲು ಬದಲಿಸಿ ಮಲಗುತ್ತೀರಿ.

ಉಸುಕು ಹೋದರೆ ಹಳ್ಳ ನೀರು ಹಿಡಿಯದು, ಒಡ್ಡು ಬಿದ್ದರೆ ಯರಿಮಣ್ಣು ಕೊಚ್ಚಿ ಕೆರೆ ಸೇರುವುದು, ಕೆರೆಯಲ್ಲಿ ಹೂಳು ತುಂಬಿದರೆ ಬಾವಿ ಬತ್ತುವುದು, ಬಾವಿ ಬತ್ತಿದರೆ ಹುನಗುಂದ, ಇಳಕಲ್ಲಿನ ಕಡೆ ಕೊಳವೆಬಾವಿ ಇನ್ನೂ ಆಳಕ್ಕಿಳಿದು ಕಲ್ಲಿನೊಳಗಿನ ಫ್ಲೋರೈಡನ್ನೂ ಮೇಲಕ್ಕೆತ್ತುವುದು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಆ ನೀರು ಕುಡಿದು ಹಲ್ಲು ಕಂದುಗಟ್ಟಿದ ಕೂಸು ಯಾರಿಗೆ ದೂರು ಹೇಳೀತು? ಬಾಯಾರಿದ ಎತ್ತು ಹೇಳೀತೇ? ಒಣ ಹಳ್ಳದಲ್ಲಿ ಮೂಸುತ್ತ ನಡೆದ ಕುರಿ ಹೇಳೀತೇ? ಶಾಲೆ ತಪ್ಪಿಸಿ ಕೊಡ ಹೊತ್ತ ಹುಡುಗಿಯನ್ನಾದರೂ ಯಾರು ಕೇಳಿದರು?

ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಕಾಡಿನೊಳಗೇ ಸಮುದಾಯದ ಹಕ್ಕು ಪಡೆದರು. ಕಾಡು ಬಲ್ಲವರಿಗೆ ಕಾಡಿನ ಹಕ್ಕು ಸಂದಿತು. ಹಳ್ಳ ಬಲ್ಲವರಿಗೆ ಹಳ್ಳದ ಕಾವಲು ಏಕೆ ಸಲ್ಲಬಾರದು? ಯೋಜನೆಗಳಿಗೇನೂ ಬರವಿಲ್ಲ, ಫಲಕದ ಬಣ್ಣ ಮಾಸುವ ಮೊದಲೇ ಚೆಕ್‌ಡ್ಯಾಂ ಬಿರುಕು ಬಿಟ್ಟದ್ದನ್ನು ಮೊದಲು ಕಂಡವನು ಕುರಿಗಾರ. ಅವನ ಮಾತು ಯಾವ ಕಡತದಲ್ಲಿದೆ?

ಬರುವ ಗ್ರಾಮಸಭೆಗೆ ದಯವಿಟ್ಟು ಹೋಗಿ. ಕುರಿಗಾರನನ್ನು, ಒಡ್ಡು ಕಟ್ಟಿದ ಹಿರಿಯರನ್ನು, ನೀರು ಹೊರುವ ಹೆಣ್ಣುಮಕ್ಕಳನ್ನು ಮುಂದಿನ ಸಾಲಿಗೆ ಕರೆಯಿರಿ. ತಿಂಗಳಿಗೊಮ್ಮೆ ಬಾವಿಗೆ ಹಗ್ಗ ಬಿಟ್ಟು ಅವರು ಅಳೆದ ಲೆಕ್ಕವನ್ನು ಅವರ ಬಾಯಿಂದಲೇ ಓದಿಸಿ, ನಡಾವಳಿಯಲ್ಲಿ ಬರೆಸಿ. ಅವರನ್ನು ಕೇಳದೆ ಹಳ್ಳಕ್ಕೆ ಯಾರೂ ಕೈ ಹಾಕಬಾರದೆಂದು ಠರಾವು ಮಾಡಿಸಿ. ಸೂಚಕರಾಗಿ ನೀವು ಎದ್ದು ನಿಲ್ಲಿ; ಅನುಮೋದಿಸುವವರು ನಿಮ್ಮ ಪಕ್ಕದಲ್ಲೇ ಕುಳಿತಿರುತ್ತಾರೆ.